ಡ್ರಾಯರಲ್ಲೇ ಉಳಿದ ಕನ್ನಡಕಗಳು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಕನ್ನಡಕದಂಗಡಿ ನಡೆಸುವ ಅಕ್ಕನೂ ಅವಳಿಗೆ ವೆಬ್‌ಸೈಟ್ ಮಾಡಿಕೊಟ್ಟ ತಮ್ಮನೂ ಬಂದು ಕೂತರು. ಜಗಳ ಬಸ್ ಹತ್ತುವಾಗಲೇ ಶುರುವಾಗಿತ್ತು.

“ಮೂವತ್ತೆರಡು ಕನ್ನಡಕ ರೆಡಿಯಾಗಿ ಡ್ರಾಯರಲ್ಲಿ ಕೂತಿವೆ ಕಣೋ. ಬಂದು ತಗೊಂಡ್ಹೋಗಿ ಅಂತ ಸೈಟಿಂದ ಹೋಗೋ ಇಮೇಲೆಲ್ಲ ಜನರ ಸ್ಪ್ಯಾಮಲ್ಲಿ ಬೀಳ್ತಿದೆ. ಹೀಗೇ ಆದ್ರೆ ಅಂಗಡಿ ಮುಚ್ಚಬೇಕಾಗುತ್ತೆ.”

“ಕಳಿಸ್ತಿರೋದು ನಮ್ಮ ಅಂಗಡೀನೇ ಅಂತ ಸೈಟಿಗೆ ಗುರುತೆಲ್ಲ ಹಾಕಿದೀನಿ ಅಕ್ಕಾ. ಯಾರೋ ಬಿಡದೆ ನಮ್ಮ ಇಮೇಲನ್ನ ಸ್ಪ್ಯಾಮ್ ಅಂತ ಒತ್ತುತಿದಾರೆ. ಹಾಗೆ ದೂರು ಹೋಗ್ತಾ ಇದ್ರೆ ಉಳಿದೋರಿಗೂ ಅಲ್ಲಿಗೇ ಬೀಳುತ್ತೆ.”

“ಯಾವನೋ ಆ ಹೊಟ್ಟೆಕಿಚ್ಚಿನೋನು? ಅವನ ಕೈ ಸೇದಿಹೋಗ!”

“ಇರು, ಪ್ರತಿ ಇಮೇಲಿನ ನಕಲು ನಿನಗೂ ಬರುತ್ತಲ್ಲ. ಅದನ್ನೇನು ಮಾಡ್ತೀಯ?”

“ಓದ್ತೀನಿ. ಓದಿದ ಮೇಲೆ ಆ ಆಶ್ಚರ್ಯಸೂಚಕ ಇರೋ ಬಟನ್ ಒತ್ತಿದ್ರೆ ಮಾಯವಾಗುತ್ತೆ. ಫೋನು ಚೊಕ್ಕಟ.”

ತಮ್ಮನು ಮುಂದಿನ ಸೀಟಿನ ಕಂಬಿಗೆ ಹಣೆ ಇಟ್ಟ.

“ಎಷ್ಟು ದಿನದಿಂದ, ಮಹಾತಾಯಿ?”

“ನೀನು ಸೈಟ್ ಮಾಡಿಕೊಟ್ಟ ದಿನದಿಂದ. ಒಂದೂ ಬಿಟ್ಟಿಲ್ಲ.”

“ಅದೇ ಕಣೇ ಸ್ಪ್ಯಾಮ್ ಬಟನ್ನು! ಈಗ ಎಲ್ಲದಕ್ಕೂ ಸ್ಪ್ಯಾಮ್ ಅಲ್ಲ ಅಂತ ಒತ್ತು. ಆಮೇಲೆ ಆ ಮೂವತ್ತೆರಡು ಜನಕ್ಕೂ ಫೋನ್ ಮಾಡಿ ತಪ್ಪು ಒಪ್ಕೋ.”

ಅಷ್ಟರಲ್ಲಿ ಅವರ ಸ್ಟಾಪ್ ಬಂತು, ಇಬ್ಬರೂ ಎದ್ದರು.

“ಫೋನ್ ಮಾಡ್ತೀನಿ ಬಿಡು. ಸೈಟ್ ಮಾಡಿದೋನು ದಡ್ಡ, ಸ್ವಂತ ತಮ್ಮ ಅಂತ ಬೈಯೋಕಾಗ್ಲಿಲ್ಲ ಅಂದ್ರೆ ಎಲ್ರಿಗೂ ಅರ್ಥವಾಗುತ್ತೆ,” ಎನ್ನುತ್ತ ಅಕ್ಕ ಮೊದಲು ಇಳಿದಳು.