ನೋಡುವವರು ಒಬ್ಬರು

ಆಸ್ಪತ್ರೆಯಲ್ಲಿ ಗಂಟಲಿನ ಆಪರೇಷನ್ನಿಗೆ ಕಾಯುತ್ತಿದ್ದವನು ವಿಡಿಯೋ ಗೇಮುಗಳಿಗೆ ಕಾಮೆಂಟರಿ ಹೇಳುತ್ತಲೇ ಯೂಟ್ಯೂಬ್ ಚಾನೆಲ್‌ಗಳ ಕಂಪನಿ ಕಟ್ಟಿದವನು. ಜೊತೆಗಿದ್ದವಳು ಅವನ ಸೋದರತ್ತೆ. ಪಕ್ಕದ ಕುರ್ಚಿಯವನಿಗೆ ಕೇಳಿಸಿದ್ದು ಇಷ್ಟು:

“ಆಮೇಲೆ ದನಿ ಬರುತ್ತೋ ಇಲ್ವೋ, ಈಗಲೇ ಕೇಳ್ತೀನಿ ಅತ್ತೆ. ಶುರುವಿನಲ್ಲಿ ನನ್ನ ಚಾನೆಲ್ ನೋಡ್ತಿದ್ದ ಒಬ್ಬರೇ ಒಬ್ಬರು ನೀನೇ ಅಲ್ವಾ?”

“ಎಲ್ಲಿ ನೋಡ್ತಿದ್ದೆ? ಫೋನಲ್ಲಿ ನಿನ್ನ ಚಾನೆಲ್ ಹಚ್ಚಿಟ್ಟು ಬಟ್ಟೆ ಒಗೀತಿದ್ದೆ. ನೋಡೋರು ಸೊನ್ನೆ ಅಂತ ಬಂದ್ರೆ ನಿನ್ನ ಮುಖ ಬಾಡ್ತಿತ್ತಲ್ಲೋ.”

“ಮನೆಯವರೆಲ್ಲ ದಂಡಪಿಂಡ ಅಂತ ಉಗೀತಿದ್ರು. ಆ ಒಬ್ಬರಿಗೋಸ್ಕರವೇ ಗಂಟಲು ಹರ್ಕೊಂಡೆ ನಾನು.”

“ಹಾಗಾದ್ರೆ ಈ ಆಪರೇಷನ್ನೂ ನನ್ನ ತಲೆಗೇ ಕಟ್ಟು!”

ಅವನು ನಕ್ಕ. “ನನ್ನ ದನಿಯೇ ಹೋದ್ರೆ ಯಾರದ್ದು ಹಚ್ಚಿಡ್ತೀಯ?”

“ನಿನ್ನ ಕಂಪನೀಲಿ ಹೊಸಬರು ಇರ್ತಾರಲ್ಲ. ಯಾರಿಗೆ ಸೊನ್ನೆ ಇದೆ ಹೇಳು, ಅವರದ್ದು ಹಚ್ಚಿಡ್ತೀನಿ.”

ನರ್ಸ್ ಕರೆದಳು. ಬಾಗಿಲವರೆಗೂ ಅವನು ಅತ್ತೆಯ ಕೈ ಬಿಡಲಿಲ್ಲ.