ಪಾಸಾದ ಮೆಟ್ಟಿಲು

ಅತ್ತಿಗೆಯವರಿಗೆ, ಬಂಧುಗಳಿಗೆ, ನಮ್ಮ ಸ್ಟುಡಿಯೋದ ಗೆಳೆಯರೆಲ್ಲರಿಗೂ ನಮಸ್ಕಾರ. ಮೈಕ್ ಸಿಕ್ಕರೆ ನಾನು ಬಿಡುವವನಲ್ಲ, ನಿಮಗೆ ಗೊತ್ತು. ಇವತ್ತೂ ಬಿಡುವುದಿಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ನಮ್ಮದು ಇಲ್ಲದ ಮನೆ ಕಟ್ಟುವ ಕೆಲಸ. ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡರೆ ಅಡುಗೆಮನೆ, ಕಿಟಕಿ, ಮೇಜು ಎಲ್ಲ ಎದುರಿಗೇ ಇರುತ್ತವೆ. ತೆಗೆದರೆ ಬರೀ ಆಫೀಸಿನ ಗೋಡೆ. ಆ ಮನೆಗಳಿಗೆ ಜೀವ ತುಂಬುತ್ತಿದ್ದವರು ನಮ್ಮ ಲೋಟದಣ್ಣ. ಈ ಹೆಸರು ಯಾಕೆ ಬಂತು ಅಂತ ಬಂಧುಗಳಿಗೆ ಹೇಳಬೇಕು. ನೋಡಲು ಬಂದವರಿಗೆ ಹೆಡ್‌ಸೆಟ್ ಹಾಕಿ, ಕೈಗೆ ಸ್ಟೀಲ್ ಲೋಟದಲ್ಲಿ ಟೀ ಕೊಡುತ್ತಿದ್ದರು. ಅವರು ಮೈಮರೆತು ಆ ಇಲ್ಲದ ಮೇಜಿನ ಮೇಲೆ ಲೋಟ ಇಡಬೇಕು — ಠಣ್! — ಆಗ ಅಣ್ಣ ಕುಣಿದಾಡಿಬಿಡುತ್ತಿದ್ದರು. "ಪಾಸಾಯ್ತು ಕಣ್ರೋ! ಒರೆಸೋ ಬಟ್ಟೆ ತನ್ನಿ!" ನಮ್ಮ ಆಫೀಸಿನಲ್ಲಿ ನೆಗ್ಗದ ಲೋಟ ಒಂದೂ ಇಲ್ಲ, ಸ್ವಾಮಿ.

"ಚೆನ್ನಾಗಿ ಕಂಡ್ರೆ ಸಾಲ್ದು, ನಂಬಿ ಕೈ ಬಿಡ್ಬೇಕು" ಅನ್ನುತ್ತಿದ್ದರು.

ಅಣ್ಣ ಕೊನೆಗೆ ಕಟ್ಟಿದ್ದು ಒಂದು ಮೆಟ್ಟಿಲು. ಮದುವೆಯಾದ ಹೊಸದರಲ್ಲಿ ಅವರೂ ಅತ್ತಿಗೆಯೂ ಇದ್ದ ಬಾಡಿಗೆ ಮನೆಯ ಮುಂದಿನ ಮೆಟ್ಟಿಲು, ಸಂಜೆ ಬಿಸಿಲು. ನಾವೆಲ್ಲ ನೋಡಿದೆವು. ಒಬ್ಬರೂ ಲೋಟ ಬಿಡಲಿಲ್ಲ. "ಇದು ನಿಮಗಲ್ಲ ಬಿಡ್ರೋ, ನಿಮ್ಮತ್ತಿಗೆ ನೋಡ್ಬೇಕು" ಅಂದರು. ಅತ್ತಿಗೆಗೋ ಕಣ್ಣಿಗೆ ಕಟ್ಟುವ ಆ ಡಬ್ಬಿ ಕಂಡರಾಗದು. "ತಲೆ ಸುತ್ತುತ್ತೆ ಕಣ್ರೀ, ನಾಳೆ ನೋಡೋಣ." ಆ ನಾಳೆ ಬರುವ ಮೊದಲೇ ಅಣ್ಣ ಹೊರಟುಬಿಟ್ಟರು.

ಕಳೆದ ವಾರ ಅತ್ತಿಗೆ ತಾವಾಗಿಯೇ ಆಫೀಸಿಗೆ ಬಂದರು. ಅತ್ತಿಗೆ, ಹೇಳಲಾ? — ಸರಿ, ಹೇಳುತ್ತೇನೆ. ಬೆಂಚಿನ ಮೇಲೆ ಕೂರಿಸಿ ಹೆಡ್‌ಸೆಟ್ ಹಾಕಿದೆವು. ರೂಢಿಯಂತೆ ಕೈಗೆ ಟೀ ಕೊಟ್ಟೆವು. ಲೋಟ ಹಿಡಿದು ಆ ಮೆಟ್ಟಿಲು, ಆ ಬಿಸಿಲು ಎಲ್ಲ ಬಹಳ ಹೊತ್ತು ತಿರುಗಿ ತಿರುಗಿ ನೋಡಿದರು. ಅಷ್ಟರಲ್ಲಿ ಹೆಡ್‌ಸೆಟ್‌ನೊಳಗಿಂದ ಗೇಟಿನ ಸದ್ದು, ನಮಗೂ ಕೇಳಿಸಿತು. ಆಮೇಲೆ ಚಪ್ಪಲಿ ಸದ್ದು — ಎಡಗಾಲು ಸ್ವಲ್ಪ ಎಳೆಯುವ ನಡಿಗೆ. ಅಣ್ಣ ತಮ್ಮ ಹೆಜ್ಜೆಯನ್ನೇ ರೆಕಾರ್ಡ್ ಮಾಡಿ ಅಲ್ಲಿಟ್ಟಿದ್ದರು. ಅತ್ತಿಗೆ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಯಾಕಿಷ್ಟು ಹೊತ್ತು? ಆರಿ ಹೋಗ್ತಿದೆ, ತಗೊಳ್ಳಿ" ಅಂತ ಲೋಟ ಚಾಚಿದರು. — ಕೈ ಬಿಟ್ಟರು.

ಠಣ್.

ಯಾರೂ ಕುಣಿಯಲಿಲ್ಲ. "ಪಾಸಾಯ್ತು ಕಣ್ರೋ" ಅನ್ನುವ ದನಿಗಾಗಿ ಎಲ್ಲರೂ ಬಾಗಿಲ ಕಡೆ ನೋಡಿದೆವು. ಈಗಲೂ ನೋಡುತ್ತಿದ್ದೇನೆ, ಸುಳ್ಳೇಕೆ ಹೇಳಲಿ.

ಆ ಲೋಟ ಅಲ್ಲಿದೆ, ಫೋಟೋದ ಮುಂದೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಸ್ವಲ್ಪ ಹೊತ್ತು ಮಾತು ಬೇಡ. ಅತ್ತಿಗೆ, ನೀವು ಕೂತೇ ಇರಿ — ಪಕ್ಕದ ಜಾಗ ಹಾಗೇ ಇರಲಿ.