ನಮ್ಮ ಮೆರವಣಿಗೆ, ನಮ್ಮಣ್ಣನ ಗುಳಿಗೆ

ವೇದಿಕೆಯ ಮೇಲಿರುವ ಪ್ರಾಚಾರ್ಯ ಅನೀಲಕುಮಾರ ಸರ್ ಅವರೇ, ಮುದ್ದೇಬಿಹಾಳದ ಗಣ್ಯರೇ, ನನ್ನ ಔಷಧಶಾಸ್ತ್ರದ ತರಗತಿಯಲ್ಲಿ ಹಿಂದಿನ ಬೆಂಚಿಗಾಗಿ ಬಡಿದಾಡಿ ಇವತ್ತು ಮಾತ್ರ ಮುಂದೆ ಬಂದು ಕೂತಿರುವ ವಿದ್ಯಾರ್ಥಿಗಳೇ, ಸಭಿಕರೇ,

ಮಾದಕ ವಸ್ತು ವಿರೋಧಿ ದಿನ, ಎರಡು ಒಳ್ಳೆಯ ಮಾತು ಹೇಳಿ ಎಂದು ಸರ್ ಅಪ್ಪಣೆ ಮಾಡಿದ್ದಾರೆ. ಒಳ್ಳೆಯ ಮಾತು ಬಾಯಿಗೆ ಬರುತ್ತಿಲ್ಲ, ಕ್ಷಮಿಸಿ. ನನ್ನ ಬೆನ್ನ ಹಿಂದಿನ ಬ್ಯಾನರ್ ಓದಿದಿರಾ? ‘ಗಾಂಜಾ, ಹೆರಾಯಿನ್, ಮಾರ್ಫಿನ್: ಮುಟ್ಟಿದರೆ ಸಾವು.’ ಬರೆದವರು ಯಾರು? ನಮ್ಮವರೇ. ನಾಳೆ ಔಷಧದ ಅಂಗಡಿ ಹಾಕುವವರು.

ವರ್ಷವಿಡೀ ನಾನು ಗೋಡೆಗೆ ಪಾಠ ಹೇಳಿದೆನೇ? ಔಷಧಕ್ಕೂ ವಿಷಕ್ಕೂ ನಡುವೆ ಇರುವುದು ಪ್ರಮಾಣ ಎಂದು ಹೇಳಲಿಲ್ಲವೇ? ಕೆಲವು ಗುಳಿಗೆ ಕೇಳಿದವರಿಗೆಲ್ಲ ಕೊಡಬಹುದು. ಕೆಲವು ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಮಾರ್ಫಿನ್‌ನಂಥದ್ದನ್ನು ಚೀಟಿ ನೋಡಿ, ಪರವಾನಗಿ ಇದ್ದ ಕಡೆ ಮಾತ್ರ, ಲೆಕ್ಕ ಇಟ್ಟು ಕೊಡಬೇಕು. ಕಾನೂನು ಬಿಗಿಯಾಗಿದೆ, ನಿಜ. ಆದರೆ ಬಿಗಿ ಹಿಡಿಯುವುದು ಬೇರೆ, ಬೇಡವೆನ್ನುವುದು ಬೇರೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾದಿರಿ. ಬ್ಯಾನರ್ ಬರೆಯುವಾಗ ಬುದ್ಧಿಯನ್ನು ಎಲ್ಲಿ ಅಡವಿಟ್ಟಿದ್ದಿರಿ?

ಕಳೆದ ವಾರ ಇದೇ ಬ್ಯಾನರ್ ಹಿಡಿದು ನಾಲತವಾಡದಲ್ಲಿ ಮೆರವಣಿಗೆ ಮಾಡಿದಿರಿ. ಗಂಟಲೇನೋ ಭಾರಿ ಇತ್ತಂತೆ. ನೀವು ಹಾದುಹೋದ ಓಣಿಯಲ್ಲೇ ನನ್ನ ಅಣ್ಣ ಸಿದ್ಧರಾಮ ಮಲಗಿದ್ದಾನೆ. ಕುರಿ ಕಾಯ್ದು ನನ್ನನ್ನು ಓದಿಸಿದವನು. ಕ್ಯಾನ್ಸರ್ ಎಲುಬಿಗೆ ಇಳಿದಿದೆ. ವಾಸಿಯಾಗುವುದಿಲ್ಲ, ಅದು ಅವನಿಗೂ ಗೊತ್ತು. ವಿಜಯಪುರದ ವೈದ್ಯರು ಬರೆದುಕೊಟ್ಟ ಮಾರ್ಫಿನ್ ಗುಳಿಗೆಯನ್ನು ನಾಲ್ಕು ತಾಸಿಗೊಮ್ಮೆ ತೆಗೆದುಕೊಂಡರೆ ಎದ್ದು ಕೂಡುತ್ತಾನೆ, ಎರಡು ತುತ್ತು ಉಣ್ಣುತ್ತಾನೆ, ನನ್ನ ಚೇಷ್ಟೆಯನ್ನೂ ಮಾಡುತ್ತಾನೆ.

ನಿಮ್ಮ ಘೋಷಣೆಯಲ್ಲಿ ಆ ಗುಳಿಗೆಯ ಹೆಸರು ಕೇಳಿದ ನಮ್ಮವ್ವ ರೇವವ್ವ ಅದನ್ನು ಜೋಳದ ಡಬ್ಬಿಯೊಳಗೆ ಬಚ್ಚಿಟ್ಟಳು. ನಾನು ಹೋದಾಗ ಅಣ್ಣ ದಿಂಬು ಕಚ್ಚಿಕೊಂಡು ಮಲಗಿದ್ದ.

“ಚಟ ಹತ್ತತೈತಿ. ಹುಡುಗರು ಒದರಿಕೋತ ಹೋದ್ರು,” ಎಂದಳು.

“ಯವ್ವಾ, ನಾ ಅದನ್ನ ಕಲಿಸಾಕಿ. ಡಾಕ್ಟರ್ ಹೇಳಿದಂಗ ಕೊಟ್ರ ಹೆದರೂದೇನೈತಿ?”

“ಅಷ್ಟ ಮಂದಿ ಕಾಲೇಜ್ ಹುಡುಗರು ಸುಳ್ಳ ಹೇಳ್ತಾರೇನ? ನೀ ಒಬ್ಬಾಕಿ ಖರೇನ?”

ಡಬ್ಬಿ ಬಗ್ಗಿಸಿ ಗುಳಿಗೆ ಹುಡುಕಿ ಕೊಟ್ಟೆ. ಅಣ್ಣ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಅಂಗೈಯಲ್ಲೇ ಹಿಡಿದು ಕೇಳಿದ: “ಭಾಗ್ಯಾ, ಸಾಯೂ ಕಾಲಕ್ಕ ನಾ ಚಟಗಾರ ಆದ್ನೇನ?”

ಸಿಟ್ಟು ಬರಬಾರದೇ ನನಗೆ? ಜೀವಮಾನವೆಲ್ಲ ಒಂದು ಬೀಡಿ ಸೇದದವನು ನೋವು ತಡೆಯಲಾರದೆ ಗುಳಿಗೆ ನುಂಗಲು ನಾಚಬೇಕೇ? ಅವತ್ತಿನಿಂದ ಅವನು ಒಂದು ಹೊತ್ತು ತೆಗೆದುಕೊಂಡರೆ ಎರಡು ಹೊತ್ತು ಬಿಡುತ್ತಾನೆ. ಬಿಟ್ಟದ್ದನ್ನು ಅವ್ವ ಮತ್ತೆ ಡಬ್ಬಿಗೆ ಹಾಕುತ್ತಾಳೆ. ನಾನು ಇಲ್ಲಿ ನಿಮಗೆ ನೋವು ನಿವಾರಕಗಳ ಪಾಠ ಮಾಡುತ್ತೇನೆ.

ಮಧ್ಯಾಹ್ನದ ಬಸ್ಸಿಗೆ ನಾಲತವಾಡಕ್ಕೆ ಹೊರಟಿದ್ದೇನೆ. ನೀವೂ ಬನ್ನಿ. ಅವ್ವ ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮಾತು ಕೇಳುತ್ತಾಳೆ. ಘೋಷಣೆ ಬೇಡ, ಭಾಷಣವೂ ಬೇಡ. ಕಟ್ಟೆಯ ಮೇಲೆ ಕೂತು ಅವಳು ಕೊಟ್ಟ ಚಹಾ ಕುಡಿದು, “ಆಯಿ, ನಾವು ಹೇಳಿದ್ದು ತಪ್ಪಾತ್ರಿ, ಗುಳಿಗಿ ಹೊತ್ತಿಗೆ ಸರಿಯಾಗಿ ಕೊಡ್ರಿ,” ಎಂದರೆ ಸಾಕು. ಅಣ್ಣನಿಗೂ ಕೇಳಿಸುವಂತೆ ಹೇಳಿ.

ಬರುವವರು ಕೈ ಎತ್ತಿ. ಅತ್ತಿತ್ತ ನೋಡಬೇಡಿ, ಅವರವರ ಕೈ ಅವರವರು ಎತ್ತಿ.

ಮೈಕ್ ಕೊಟ್ಟ ಸರ್ ಅವರಿಗೂ, ಬೈಸಿಕೊಂಡು ಕೂತ ನಿಮಗೂ ನಾನು ಋಣಿ. ಕೈ ಎತ್ತಿದವರು ಚಪ್ಪಾಳೆಗೆ ಕಾಯದೆ ಬಸ್ ನಿಲ್ದಾಣಕ್ಕೆ ನಡೆಯಿರಿ, ಅಣ್ಣನ ಗುಳಿಗೆಯ ಹೊತ್ತಾಗುತ್ತಿದೆ. ನಮಸ್ಕಾರ.